ಪೆನ್ಸಿಲ್ ಗುರುತು

ಪಾಠ ಮುಗಿದಿತ್ತು. ಚಾರ್ಟುಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಬಸ್ಸಿಗೆ ಹೊತ್ತಾಯಿತು ಅಂತ ಹುಡುಗಿಯರು ಆಗಲೇ ಬಾಗಿಲ ಕಡೆ ನುಗ್ಗಿದ್ದರು. ಒಬ್ಬಳು ಮಾತ್ರ ಹಿಂದೆ ಉಳಿದಳು. ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಹಾಕುತ್ತಾ ನಿಂತಿದ್ದಳು. "ಮೇಡಂ, ಒಂದ್ ಕೇಳ್ಲಾ?" ಅಂದಳು. ಕೇಳಮ್ಮ ಅಂದೆ. "ನನ್ನ ಎಟಿಎಂ ಕಾರ್ಡು ನಮ್ಮಣ್ಣನ ಹತ್ರ ಇದೆ. ಅದನ್ನ ವಾಪಸ್ ಕೇಳೋದು ಹೆಂಗೆ?"

ನಾನು ಹತ್ತೊಂಬತ್ತು ವರ್ಷದಿಂದ ಬ್ಯಾಂಕಿನಲ್ಲಿದ್ದೇನೆ. ಕಾರ್ಡು ಕಳೆದರೆ ಏನು ಮಾಡಬೇಕು, ಮಷೀನು ನುಂಗಿದರೆ ಏನು, ಪಿನ್ ಮರೆತರೆ ಏನು, ಎಲ್ಲಾ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಣ್ಣನ ಪರ್ಸಿನಲ್ಲಿರುವ ಕಾರ್ಡಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. "ಅದು ನಿನ್ನ ಹಕ್ಕು ಕಣಮ್ಮ, ಧೈರ್ಯವಾಗಿ ಕೇಳು" ಅಂದುಬಿಟ್ಟೆ. ಅವಳು "ಹ್ಞೂಂ ಮೇಡಂ" ಅಂತ ತಲೆ ಆಡಿಸಿದಳು. ಹಾಗೆ ತಲೆ ಆಡಿಸುವುದನ್ನು ಕೌಂಟರಿನ ಆಚೆ ಕಡೆ ನಾನು ದಿನಾ ನೋಡುತ್ತೇನೆ. ಇವರ ಹತ್ತಿರ ಇನ್ನು ಕೇಳಿ ಪ್ರಯೋಜನ ಇಲ್ಲ ಅನ್ನಿಸಿದಾಗ ಜನ ಹಾಗೆ ತಲೆ ಆಡಿಸಿ ಹೋಗುತ್ತಾರೆ.

ಇದು 2025ರ ಫೆಬ್ರವರಿ ಕೊನೇ ವಾರದ ಮಾತು. ಪ್ರತಿ ವರ್ಷ ರಿಸರ್ವ್ ಬ್ಯಾಂಕು ಆರ್ಥಿಕ ಸಾಕ್ಷರತಾ ಸಪ್ತಾಹ ಮಾಡುತ್ತದೆ. ಆ ಸಲದ ವಿಷಯ ಮಹಿಳೆಯರ ಸಮೃದ್ಧಿ. ಹಾಗಾಗಿ ಯಾರನ್ನು ಕಳಿಸೋದು ಅನ್ನುವ ಪ್ರಶ್ನೆ ನಮ್ಮ ಶಾಖೆಯಲ್ಲಿ ಏಳಲೇ ಇಲ್ಲ. ಇರುವವಳು ನಾನೊಬ್ಬಳೇ ಹೆಂಗಸು. ತಿಪಟೂರು ಕಡೆಯ ಒಂದು ಹೆಣ್ಣುಮಕ್ಕಳ ಡಿಗ್ರಿ ಕಾಲೇಜು. ಮೊದಲ ವರ್ಷದ ಬಿಎ, ಬಿಕಾಂ ಸೇರಿ ನಲವತ್ತು ಚಿಲ್ಲರೆ ಮಕ್ಕಳು. ಸುಮಾರು ಜನ ತೆಂಗಿನ ತೋಟದ ಕೂಲಿ, ಕಾಯಿ ಸುಲಿಯೋದು, ಕೊಬ್ಬರಿ ಒಡೆಯೋದು ಮಾಡುವ ಮನೆಯವರು. ಕೆಲವರ ಅಕ್ಕಂದಿರು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದರು. ಒಂದು ದಿನದ ಕಾರ್ಯಕ್ರಮ ಅಷ್ಟೇ. ಬ್ಯಾನರ್ ಮುಂದೆ ಫೋಟೋ ತೆಗೆಸಿಕೊಂಡು ವರದಿ ಕಳಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಮುಗಿಯಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ಕೇಳೋದು ಹೇಗೆ? ನಿಜ ಹೇಳಬೇಕು ಅಂದರೆ, ನಾನು ಯಾವತ್ತಾದರೂ ಕೇಳಿದ್ದೀನಾ?

ಅಣ್ಣನ ಬೈಕು ಯಾವ ಕಡೆ?

ಅವತ್ತು ನಾನು ಕಲಿಸಿದ್ದೇನು ಅಂತ ನಾಚಿಕೆಯಾದರೂ ಹೇಳಿಬಿಡುತ್ತೇನೆ. ಬೋರ್ಡಿನ ಮಧ್ಯೆ ಒಂದು ಗೆರೆ. ಎಡಕ್ಕೆ 'ಅಗತ್ಯ', ಬಲಕ್ಕೆ 'ಆಸೆ'. ಅಕ್ಕಿ, ಔಷಧಿ, ಕಾಲೇಜು ಫೀಸು ಎಡಕ್ಕೆ. ಲಿಪ್‌ಸ್ಟಿಕ್ಕು, ಪಾನಿಪೂರಿ, ಮೊಬೈಲ್ ಕವರು ಬಲಕ್ಕೆ. ಬಲಗಡೆಯದನ್ನು ಕಡಿಮೆ ಮಾಡಿ, ದಿನಕ್ಕೆ ಹತ್ತು ರೂಪಾಯಿ ಉಳಿಸಿ, ವರ್ಷಕ್ಕೆ 3,650 ಆಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದೆ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ಮೇಡಂ, ನಮ್ಮಣ್ಣನ ಬೈಕು ಯಾವ್ ಕಡೆ ಬರುತ್ತೆ?" ಕ್ಲಾಸೆಲ್ಲಾ ಹೋ ಅಂತ ನಕ್ಕಿತು. ನಾನೂ ನಕ್ಕೆ. ನಕ್ಕು ಮುಂದಿನ ಚಾರ್ಟು ಬಿಡಿಸಿದೆ. ಆ ಪ್ರಶ್ನೆಗೂ ಉತ್ತರ ಕೊಡಲಿಲ್ಲ ಅಂತ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ.

ಹೆಣ್ಣುಮಕ್ಕಳಿಗೆ ಉಳಿತಾಯ ಕಲಿಸುವುದು ತಿಪಟೂರಿನವರಿಗೆ ಕೊಬ್ಬರಿ ಮಾರಿದ ಹಾಗೆ. ನಮ್ಮ ರಾಜ್ಯದ ಬ್ಯಾಂಕುಗಳು ಬೆಳೆದದ್ದೇ ಚಿಲ್ಲರೆ ಕಾಸಿನ ಮೇಲೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ತಂದಿತು. ದಿನಕ್ಕೆ ಎರಡಾಣೆ ಇದ್ದರೆ ಸಾಕು, ಏಜೆಂಟು ಬಾಗಿಲಿಗೇ ಬಂದು ಇಸಿದುಕೊಳ್ಳುತ್ತಿದ್ದ. ಆಮೇಲೆ ಸಂಘಗಳು ಬಂದವು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಸಣ್ಣ ಸಣ್ಣ ಗುಂಪು ಕಟ್ಟಿತು. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿತು. 2000ದ ಹೊತ್ತಿಗೆ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಸಂಘಗಳೂ ಬಂದವು. ವಾರಕ್ಕೆ ಹತ್ತು, ಇಪ್ಪತ್ತು ಅಂತ ಇಷ್ಟು ವರ್ಷ ಹಾಕಿದವರೆಲ್ಲಾ ಈ ಮಕ್ಕಳ ಅಮ್ಮಂದಿರು, ಅಜ್ಜಿಯರು. ಅವರಿಗೆ ನಾನು ಹತ್ತು ರೂಪಾಯಿ ಉಳಿಸಿ ಅಂತ ಹೇಳಬೇಕಾ? ಉಳಿಸುವುದರಲ್ಲಿ ಅವರು ಎಂದೂ ಸೋತಿಲ್ಲ. ಅದನ್ನು ಯಾವಾಗ ತೆಗೆಯಬೇಕು, ಯಾತಕ್ಕೆ ತೆಗೆಯಬೇಕು ಅನ್ನುವ ಮಾತು ಬಂದಾಗ ಮಾತ್ರ ಅವರು ಕಾಫಿ ಮಾಡಲು ಒಳಗೆ ಹೋಗಿರುತ್ತಾರೆ.

ನಮ್ಮಮ್ಮನದ್ದೂ ಇದೇ ಕತೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಹೋಯಿತಲ್ಲ, ಮರುದಿನ ಬೆಳಿಗ್ಗೆ ಆರು ಗಂಟೆಗೇ ನನಗೆ ಫೋನು. ಹಳೇ ಸೀರೆಗಳ ಮಡಿಕೆಯಲ್ಲಿ 23,500 ರೂಪಾಯಿ ಇತ್ತಂತೆ. "ಯಾರಿಗೂ ಹೇಳ್ಬೇಡ" ಅಂದಳು. ಹೇಳದೆ ಹೇಗೆ? ತಮ್ಮನೇ ಕ್ಯೂನಲ್ಲಿ ನಿಂತು ಅವಳ ಖಾತೆಗೆ ಕಟ್ಟಿದ. ಆರು ತಿಂಗಳಲ್ಲಿ ಆ ದುಡ್ಡು ಬೋರ್‌ವೆಲ್ ಮೋಟರಿಗೆ ಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ. ಗೊತ್ತಾಯಿತು, ಅಷ್ಟೇ. ಗೊತ್ತಾದ ದುಡ್ಡು ಮನೆಯ ದುಡ್ಡು.

ಹದಿನಾಲ್ಕು ಕಡೆ ಸಹಿ

ಬ್ಯಾಂಕಿನಲ್ಲಿ ಸಾಲದ ಕಾಗದ ಮಾಡಿಸಿದವರಿಗೆ ಗೊತ್ತಿರುತ್ತದೆ. ಸಹಿ ಬರಬೇಕಾದ ಕಡೆಯೆಲ್ಲಾ ನಾವು ಮೊದಲೇ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಗುಣಾಕಾರದ ಗುರುತು ಹಾಕಿಟ್ಟಿರುತ್ತೇವೆ. ಬಂದವರು ಗುರುತು ಹುಡುಕಿಕೊಂಡು ಸಹಿ ಹಾಕುತ್ತಾ ಹೋಗುತ್ತಾರೆ. ಆಮೇಲೆ ರಬ್ಬರಿನಲ್ಲಿ ಉಜ್ಜಿಬಿಡುತ್ತೇವೆ. ಕೆಲಸ ಬೇಗ ಆಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಕಲಿತ ವಿದ್ಯೆ ಇದು.

ಹಾಸನದ ಕಡೆ ಇದ್ದಾಗ ಒಬ್ಬರು ಟ್ರ್ಯಾಕ್ಟರ್ ಸಾಲಕ್ಕೆ ಬಂದಿದ್ದರು. ಹೆಂಡತಿಯ ಜಾಮೀನು ಬೇಕಿತ್ತು. ಆಕೆ ದೇವಸ್ಥಾನಕ್ಕೆ ಬಂದ ಹಾಗೆ ಬಂದಿದ್ದರು. ಮಡಿಚಿಟ್ಟ ಗೆರೆ ಇನ್ನೂ ಕಾಣುವ ಸೀರೆ, ತಲೆ ತುಂಬಾ ಕನಕಾಂಬರ. ಸಹಿ ಅಂದರೆ ಆಕೆಗೆ ರಂಗೋಲಿ ಬಿಡಿಸಿದ ಹಾಗೆ. ಒಂದೊಂದು ಅಕ್ಷರಕ್ಕೂ ಉಸಿರು ಬಿಗಿ ಹಿಡಿದು ಬರೆಯುತ್ತಿದ್ದರು. ಹದಿನಾಲ್ಕು ಕಡೆ ಆಗಬೇಕಿತ್ತು. ಐದನೆಯದೋ ಆರನೆಯದೋ ಆದಾಗ ತಲೆ ಎತ್ತಿ, "ಇದು ಏನಕ್ಕೆ ಮೇಡಂ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಗಂಡ, "ಸುಮ್ನೆ ಹಾಕು, ಮೇಡಂಗೆ ಟೈಮಿಲ್ಲ" ಅಂದರು. ನಿಜ, ನನಗೆ ಟೈಮಿರಲಿಲ್ಲ. ಹಿಂದೆ ಜನ ನಿಂತಿದ್ದರು. ಪೆನ್ಸಿಲ್ ತುದಿಯನ್ನು ಮುಂದಿನ ಗುರುತಿನ ಮೇಲಿಟ್ಟೆ. ಆಕೆ ಮತ್ತೆ ತಲೆ ಬಗ್ಗಿಸಿದರು.

ಎರಡು ವರ್ಷ ಬಿಟ್ಟು ಆಕೆ ಒಬ್ಬರೇ ಬಂದರು, ಕೈಯಲ್ಲಿ ನೋಟೀಸು. ಕಂತು ನಿಂತಿತ್ತು. "ನಾನ್ಯಾವಾಗ ಸಾಲ ತಗೊಂಡೆ ಮೇಡಂ?" ಅಂತ ಕೇಳಿದರು. ಜಾಮೀನು ಹಾಕಿದವರ ಹೊಣೆ ಸಾಲ ತೆಗೆದವರಷ್ಟೇ ಪೂರ್ತಿ. 1872ರ ಕರಾರು ಕಾಯ್ದೆಯಿಂದಲೂ ಹಾಗೇ ಇದೆ. ಮೊದಲು ಗಂಡನನ್ನೇ ಹಿಡಿಯಬೇಕು, ಆಮೇಲೆ ಇವರನ್ನು ಅಂತೇನೂ ಇಲ್ಲ. ಇದನ್ನೆಲ್ಲಾ ಅವತ್ತು ಎಷ್ಟು ಚೆನ್ನಾಗಿ ವಿವರಿಸಿದೆ ಅಂತೀರಿ! ಸಹಿಗೆ ಮೊದಲು ಎರಡು ನಿಮಿಷ ಇರಲಿಲ್ಲ, ನೋಟೀಸು ಹೋದಮೇಲೆ ಅರ್ಧ ಗಂಟೆ ಇತ್ತು. ಫೈಲು ತೆಗೆದು ತೋರಿಸಿದೆ. ಹದಿನಾಲ್ಕು ಸಹಿಗಳೂ ಸಾಲಾಗಿ ಕೂತಿದ್ದವು. ಎರಡು ಕಡೆ ಪೆನ್ಸಿಲ್ ಗುರುತು ಉಜ್ಜುವುದು ಮರೆತುಹೋಗಿತ್ತು. ಆಕೆ ಅದರ ಮೇಲೆ ಬೆರಳಾಡಿಸಿದರು. "ಅಕ್ಷರ ನಂದೇ ಮೇಡಂ. ಜಾಗ ನೀವು ತೋರ್ಸಿದ್ದು" ಅಂದರು.

ಸಿಟ್ಟಿನಿಂದ ಅಂದದ್ದಲ್ಲ. ಲೆಕ್ಕ ಸರಿ ಮಾಡಿದ ಹಾಗೆ ಅಂದರು.

ಇದು ಬ್ಯಾಂಕಿನ ಕತೆ ಮಾತ್ರ ಅಂದುಕೊಳ್ಳಬೇಡಿ. ನಾನು ಆ ಕಾಲೇಜಿಗೆ ಹೋದ ತಿಂಗಳಲ್ಲೇ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತ್ತು. ಊರೂರಲ್ಲಿ ಅದೇ ಮಾತು. ಈ ಸಾಲಗಳು ಹೆಂಗಸರಿಗೇ ಸಿಗುತ್ತವೆ, ಯಾಕೆಂದರೆ ಹೆಂಗಸರು ಕಟ್ಟುತ್ತಾರೆ. ಮರ್ಯಾದೆಗೆ ಅಂಜುತ್ತಾರೆ, ಗುಂಪಿನಲ್ಲಿ ಬೇರೆಯವರ ಕಂತು ತಪ್ಪಿದರೆ ತಾವು ಹಾಕಿ ಕೊಡುತ್ತಾರೆ. ಸಹಿ ಅವಳದು, ಬಾಗಿಲಿಗೆ ಬಂದವರ ಬೈಗುಳ ಅವಳಿಗೆ. ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದರೆ, ಆ ಬೈಕಿನ ಪ್ರಶ್ನೆಗೇ ವಾಪಸ್ ಬರುತ್ತೇವೆ.

ನನ್ನ ಸರದಿ

ಅಪ್ಪ ಹೋದದ್ದು 2012ರಲ್ಲಿ. ಮರುವರ್ಷ ತಮ್ಮ ಫೋನ್ ಮಾಡಿದ. "ಅಕ್ಕ, ಸೋಮವಾರ ಅರ್ಧ ದಿನ ರಜೆ ಹಾಕು. ಖಾತೆ ಬದಲಾವಣೆಗೆ ಒಂದು ಸೈನು ಬೇಕು." ಇಬ್ಬರು ತಮ್ಮಂದಿರು, ನಾನು, ತಂಗಿ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಹೊಂಗೆ ಮರದ ಕೆಳಗೆ ಪತ್ರ ಬರೆಯುವವರ ಮೇಜು. ತಮ್ಮನ ಹೆಂಡತಿ ಕವರೊಂದರಲ್ಲಿ ಸೀರೆ, ರವಿಕೆ ಕಣ, ಅರಿಶಿನ ಕುಂಕುಮ, ಹತ್ತು ಸಾವಿರ ರೂಪಾಯಿ ಇಟ್ಟು ತಂದಿದ್ದಳು. ತಂಗಿಗೂ ಅಂಥದ್ದೇ ಒಂದು ಕವರು. ಅಪ್ಪನ ಆಸ್ತಿಯಲ್ಲಿ ನಮ್ಮ ಪಾಲು ಬಿಟ್ಟುಕೊಟ್ಟೆವು ಅನ್ನುವ ಹಕ್ಕು ಬಿಡುಗಡೆ ಪತ್ರ ಮೊದಲೇ ತಯಾರಾಗಿತ್ತು. ಪ್ರತಿ ಹಾಳೆಯ ಕೆಳಗೆ ಪೆನ್ಸಿಲ್ ಗುರುತು.

ಗುರುತು ನೋಡಿದ ತಕ್ಷಣ ನನಗೆ ಕನಕಾಂಬರದ ಆ ಹೆಂಗಸು ನೆನಪಾದಳು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಗುರುತು ಕಂಡಿತು, ಕೈ ತಾನಾಗಿ ಅಲ್ಲಿಗೆ ಹೋಯಿತು. ಕಾನೂನು ಗೊತ್ತಿರದವಳೇನೂ ಅಲ್ಲ ನಾನು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಆಯಿತು, ದೇಶಕ್ಕೆಲ್ಲಾ 2005ರ ಸೆಪ್ಟೆಂಬರ್ 9ರಿಂದ ಬಂತು. ಬ್ಯಾಂಕಿನಲ್ಲಿ ಜಮೀನಿನ ಕಾಗದ ನೋಡುವಾಗ, ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ ಇಂಥ ಪತ್ರ ತನ್ನಿ ಅಂತ ವಾಪಸ್ ಕಳಿಸುವವಳೇ ನಾನು. ನಮ್ಮ ಪತ್ರದಲ್ಲಿ 'ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ' ಅಂತ ಒಂದು ಸಾಲಿತ್ತು. ಅದು ಸುಳ್ಳಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಆಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ತಮ್ಮ ನನ್ನನ್ನು ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟ.

ನನ್ನ ತಮ್ಮಂದಿರು ಕೆಟ್ಟವರಲ್ಲ. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕೇಳಿದ್ದರೆ ಏನಾಗುತ್ತಿತ್ತೋ, ಕೇಳಬೇಕಿತ್ತೋ ಇಲ್ಲವೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ತವರಿನ ಬಾಗಿಲು ತೆರೆದಿರಲಿ ಅಂತ ನಾವು ಕಟ್ಟುವ ಪ್ರೀಮಿಯಂ ಅದು. ಒಂದೇ ಕಂತು, ಪಾಲಿಸಿ ಪತ್ರ ಮಾತ್ರ ಕೊಡುವುದಿಲ್ಲ. ಲಾಭವೋ ನಷ್ಟವೋ, ಅದು ಬೇರೆ ಮಾತು. ನಾನು ಒಂದು ಸಲ ಕೂತು ಯೋಚಿಸಿ, ಬೇಡ ಅಂತ ನಾನೇ ನಿರ್ಧಾರ ಮಾಡಿ ಬಿಟ್ಟುಕೊಟ್ಟಿದ್ದರೆ ಈ ಮಾತು ಬರೆಯುತ್ತಲೇ ಇರಲಿಲ್ಲವೇನೋ. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಶಾಖೆಗೆ ವಾಪಸ್ ಬಂದು ಕೌಂಟರಿನಲ್ಲಿ ಕೂತೆ. ಅವತ್ತು ಮಧ್ಯಾಹ್ನ ಕೂಡ ಯಾರದೋ ಕಾಗದಕ್ಕೆ ಗುರುತು ಹಾಕಿದ್ದೇನೆ, ಖಂಡಿತ.

ಇಂಥವಳು ಆ ಹುಡುಗಿಗೆ 'ಧೈರ್ಯವಾಗಿ ಕೇಳು' ಅಂದದ್ದು!

ನಾಲ್ಕನೇ ಶನಿವಾರ

ಪ್ರಿನ್ಸಿಪಾಲರನ್ನು ಕೇಳಿ, ಬ್ಯಾಂಕಿಗೆ ರಜೆ ಇರುವ ನಾಲ್ಕನೇ ಶನಿವಾರ ಬೆಳಿಗ್ಗೆ ಒಂದೂವರೆ ಗಂಟೆ ತೆಗೆದುಕೊಂಡೆ. ಈ ಸಲ ಚಾರ್ಟು ಒಯ್ಯಲಿಲ್ಲ. ಹೋದ ಮೊದಲ ದಿನವೇ ಒಂದು ಕೆಲಸ ಹೇಳಿದೆ: ಮನೆಯಲ್ಲಿ ಹೆಂಗಸಿನ ಹೆಸರಲ್ಲಿರುವ ಒಂದು ಕಾಗದ ತನ್ನಿ. ಪಾಸ್‌ಬುಕ್ಕು, ಬಾಂಡು, ಪಹಣಿ, ಏನಾದರೂ ಸರಿ. ನಕಲು ಆದರೂ ಪರವಾಗಿಲ್ಲ.

ಬಂದದ್ದನ್ನು ನೋಡುತ್ತಾ ಕೂತರೆ ಒಂದು ಪುಸ್ತಕಕ್ಕೆ ಆಗುವಷ್ಟಿತ್ತು. ಗೃಹಲಕ್ಷ್ಮಿ ಬರುವ ಪಾಸ್‌ಬುಕ್ಕುಗಳೇ ಜಾಸ್ತಿ. 2023ರ ಆಗಸ್ಟಿನಿಂದ ತಿಂಗಳಿಗೆ ಎರಡು ಸಾವಿರ ಅಮ್ಮನ ಹೆಸರಿಗೆ ಬರುತ್ತಿದೆ, ಪುಸ್ತಕ ಮಾತ್ರ ಅಲ್ಲಿಂದೀಚೆ ಎಂಟ್ರಿ ಕಂಡಿಲ್ಲ. ಒಂದರಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ, 436 ರೂಪಾಯಿ ಕಡಿತವಾಗಿತ್ತು. "ಬ್ಯಾಂಕ್ನೋರು ಕಿತ್ಕೊಳ್ತಾರೆ ಅಂತ ನಮ್ಮಮ್ಮ ಬೈತಿರ್ತಾಳೆ" ಅಂದಳು ಹುಡುಗಿ. ಇಪ್ಪತ್ತು ಅಪಘಾತ ವಿಮೆಗೆ, 436 ಜೀವ ವಿಮೆಗೆ, ಎರಡೆರಡು ಲಕ್ಷ ಅಂತ ಹೇಳಿದಾಗ ಅವಳು ಪುಸ್ತಕವನ್ನು ಮುಚ್ಚಿ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡಳು.

ಆಮೇಲೆ ಭಾಗ್ಯಲಕ್ಷ್ಮಿ ಬಾಂಡು. ಆ ಯೋಜನೆ ಬಂದದ್ದು 2006–07ರಲ್ಲಿ. ಬಡವರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ದುಡ್ಡಿಟ್ಟು, 18 ತುಂಬಿದಾಗ ಕೊಡುವುದು. ಅದಕ್ಕೆ ಮುಂಚೆ ಮದುವೆ ಮಾಡಬಾರದು, ಎಂಟನೇ ಕ್ಲಾಸಿನವರೆಗಾದರೂ ಓದಿಸಬೇಕು ಅನ್ನುವ ಷರತ್ತು. ನನ್ನೆದುರು ಕೂತವರೇ ಅದರ ಮೊದಲ ಮಕ್ಕಳು! ಒಬ್ಬಳು ಲ್ಯಾಮಿನೇಶನ್ ಮಾಡಿಸಿದ ಬಾಂಡು ತಂದಿದ್ದಳು, ಶುಕ್ರವಾರ ಪೂಜೆಗೆ ಇಡುತ್ತಾರೇನೋ ಅನ್ನುವಷ್ಟು ಜೋಪಾನ. "ಇದು ಯಾರ ಹೆಸರಲ್ಲಿದೆ?" ಅಂದೆ. "ನನ್ನ ಹೆಸರಲ್ಲಿ." "ಹಾಗಾದ್ರೆ ಇದು ಯಾರ ದುಡ್ಡು?" ಸ್ವಲ್ಪ ಯೋಚಿಸಿ ಹೇಳಿದಳು. "ಮದುವೇದು."

ಲೆಕ್ಕ ಕಲಿಸುವುದು ಇದರ ಮುಂದೆ ಸುಲಭ. ಬಡ್ಡಿಯ ಪಾಠಕ್ಕೆ ಮಕ್ಕಳು ಕಣ್ಣರಳಿಸಿ ಕೂತರು. ನೂರಕ್ಕೆ ಮೂರು ರೂಪಾಯಿ ಬಡ್ಡಿ ಜಾಸ್ತಿಯೋ, ಬ್ಯಾಂಕಿನ ಹನ್ನೆರಡು ಪರ್ಸೆಂಟು ಜಾಸ್ತಿಯೋ ಅಂದರೆ ಎಲ್ಲರೂ ಹನ್ನೆರಡು ಅಂದರು. ಊರಿನ ಮೂರು ರೂಪಾಯಿ ತಿಂಗಳಿನದು, ಬ್ಯಾಂಕಿನ ಹನ್ನೆರಡು ವರ್ಷದ್ದು. ವರ್ಷಕ್ಕೆ ಮೂವತ್ತಾರಾಯಿತು. ಇನ್ನೊಂದು ಮೋಸ ಫ್ಲಾಟ್ ಬಡ್ಡಿ. ಹತ್ತು ಸಾವಿರ ಸಾಲ, ಹನ್ನೆರಡು ಪರ್ಸೆಂಟ್ ಫ್ಲಾಟ್, ಒಂದು ವರ್ಷ. ತಿಂಗಳಿಗೆ 933 ರೂಪಾಯಿ ಕಂತು. ಆರು ಕಂತು ಮುಗಿದಾಗ ನಿಮ್ಮ ಹತ್ತಿರ ಇರುವುದು ಐದು ಸಾವಿರ ಮಾತ್ರ, ಬಡ್ಡಿ ಮಾತ್ರ ಹತ್ತು ಸಾವಿರಕ್ಕೇ ಕಟ್ಟುತ್ತಿದ್ದೀರಿ. ಉಳಿದ ಅಸಲಿನ ಮೇಲೆ ಹಾಕಿದರೆ ಅದು ಇಪ್ಪತ್ತೊಂದು ಪರ್ಸೆಂಟು ದಾಟುತ್ತದೆ. ಹೂ ಕಟ್ಟುವವರ ಮಗಳೊಬ್ಬಳು ಇದನ್ನು ನನಗಿಂತ ಬೇಗ ಬಾಯಲ್ಲೇ ಲೆಕ್ಕ ಹಾಕಿದಳು. ಮುಂದಿನ ತಿಂಗಳು ಬಂದು ಹೇಳಿದಳು: "ಅಮ್ಮಂಗೆ ಹೇಳ್ದೆ ಮೇಡಂ. ನಂಗೂ ಗೊತ್ತು ಕಣೆ, ಬ್ಯಾಂಕ್ನೋರು ನಂಗೆ ಕೊಡ್ತಾರಾ ಅಂದ್ಳು." ನಾನು ಬ್ಯಾಂಕಿನವಳು. ಸುಮ್ಮನಿದ್ದೆ.

ಇಲ್ಲಿ ಗಾರ್ಮೆಂಟ್ಸ್ ಹೆಂಗಸರ ಮಾತು ಬಂತು. ಒಬ್ಬಳ ದೊಡ್ಡಮ್ಮ 2016ರ ಏಪ್ರಿಲ್‌ನಲ್ಲಿ ಬೊಮ್ಮನಹಳ್ಳಿಯಲ್ಲಿ ರಸ್ತೆಗೆ ಇಳಿದವರಂತೆ. ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಸಾವಿರಾರು ಹೆಂಗಸರು ಹೊಲಿಗೆ ಮಷೀನು ಬಿಟ್ಟು ಬೀದಿಗೆ ಬಂದರು, ಎರಡು ದಿನ ಬೆಂಗಳೂರು ನಿಂತುಹೋಯಿತು, ನಿಯಮ ವಾಪಸಾಯಿತು. ದೀರ್ಘಾವಧಿ ಉಳಿತಾಯದ ಮಹತ್ವ ಇವರಿಗೆ ಗೊತ್ತಿಲ್ಲ ಅಂತ ಆಗ ನಮ್ಮ ಶಾಖೆಯಲ್ಲೇ ಚಹಾ ಕುಡಿಯುತ್ತಾ ಮಾತಾಡಿಕೊಂಡೆವು. ಮೂವತ್ತೈದು ನಲವತ್ತಕ್ಕೆ ಫ್ಯಾಕ್ಟರಿ ಬಿಡಬೇಕಾಗುವ ಹೆಂಗಸಿಗೆ 58 ಯಾವ ಲೋಕದ ವಯಸ್ಸು? ಮಗಳ ಫೀಸಿಗೆ, ಸಾಲ ತೀರಿಸುವುದಕ್ಕೆ ಅವಳ ಕೈಗೆ ಒಟ್ಟಾಗಿ ಬರುವ ದುಡ್ಡು ಅದೊಂದೇ. ಯಾವ ಸಪ್ತಾಹದಲ್ಲೂ ಕೂರದವರು ಒಂದು ಸರ್ಕಾರಿ ಆದೇಶವನ್ನು ಸರಿಯಾಗಿ ಓದಿದ್ದರು. ಆದರೆ ಅವರು ಕೇಳಿದ್ದು ಸರ್ಕಾರವನ್ನು. ಅಣ್ಣನನ್ನು ಕೇಳುವುದು ಅದಕ್ಕಿಂತ ಕಷ್ಟ ಅಂತ ದೊಡ್ಡಮ್ಮನೇ ಹೇಳಿದರಂತೆ.

ಆ ದಿನವೇ ನಾಟಕ ಶುರುವಾಯಿತು. ಯಾರ ಐಡಿಯಾ ಅಂತ ನೆನಪಿಲ್ಲ. ಒಬ್ಬಳು ಅಣ್ಣ, ಒಬ್ಬಳು ತಂಗಿ. ತಂಗಿ ಕಾರ್ಡು ಕೇಳಬೇಕು. ಅಣ್ಣ ಯಾರಾಗ್ತೀರಿ ಅಂದೆ. ಆ ಹುಡುಗಿ ಎದ್ದು ನಿಂತಳು, ಕಾರ್ಡಿನ ಪ್ರಶ್ನೆ ಕೇಳಿದವಳೇ. ದುಪಟ್ಟಾ ತೆಗೆದು ಸೊಂಟಕ್ಕೆ ಬಿಗಿದು, ಕುರ್ಚಿಯನ್ನು ತಿರುಗಿಸಿ ಬೈಕಿನ ಮೇಲೆ ಕೂತ ಹಾಗೆ ಕೂತಳು. "ನಿಂಗ್ಯಾಕೆ ಕಾರ್ಡು? ಕಳ್ಕೊಂಬಿಡ್ತೀಯ." ತಂಗಿ ತೊದಲಿದಳು. "ಮೊನ್ನೆ ಪರೀಕ್ಷೆ ಫೀಸು ಯಾರು ಕಟ್ಟಿದ್ದು? ನಾನೇನು ತಿಂದ್‌ಬಿಟ್ನಾ? ತಂಗಿ ಅಣ್ಣನ್ನ ಲೆಕ್ಕ ಕೇಳೋ ಹಂಗಾಯ್ತಾ ಈ ಮನೇಲಿ?" ಕ್ಲಾಸು ಮೊದಲು ನಕ್ಕಿತು, ಆಮೇಲೆ ತಣ್ಣಗಾಯಿತು. ಅಷ್ಟು ಚೆನ್ನಾಗಿ ಬರುತ್ತಿತ್ತು ಅವಳಿಗೆ. ತಂಗಿ ಆದವಳು ಅಳುವ ಹಾಗಾದಳು. ಇವಳು ಕೊನೆಗೆ ದನಿ ಇಳಿಸಿ, "ಬೇಕಿದ್ರೆ ಕೇಳು, ಕೊಡ್ತೀನಲ್ಲ" ಅಂದಳು. ಅಲ್ಲಿಗೆ ನಾಟಕ ಮುಗಿಯಿತು. ಅದಕ್ಕೆ ಏನು ಹೇಳಬೇಕು ಅಂತ ಯಾರಿಗೂ ತೋಚಲಿಲ್ಲ.

ಆಮೇಲೆ ಜಗಳ. ಕಾಲೇಜಿನಲ್ಲಿ ಕಾರ್ಡು ಕೇಳ್ತಾರೆ ಅಂತ ಸುಳ್ಳು ಹೇಳಿ ಇಸಿದುಕೊಳ್ಳಬೇಕು ಅಂತ ಕೆಲವರು. ಸುಳ್ಳು ಯಾಕೆ ಹೇಳಬೇಕು, ನಮ್ಮದೇ ಅಲ್ವಾ ಅಂತ ಕೆಲವರು. ಅಪ್ಪ ಮನೆಯಲ್ಲಿದ್ದಾಗ, ಊಟ ಬಡಿಸಿದ ಮೇಲೆ ಕೇಳಬೇಕು ಅಂತ ಒಬ್ಬಳು. ನಾನು ನಡುವೆ ಬಾಯಿ ಹಾಕಲಿಲ್ಲ. ಹೆದರಿಕೆಯೂ ಇತ್ತು. ಇವಳು ಮನೆಗೆ ಹೋಗಿ ಕೇಳಿ, ಅವರು ಕಾಲೇಜೇ ಬೇಡ ಅಂದರೆ? ನಾನು ನನ್ನ ಮನೆಗೆ ಹೋಗುತ್ತೇನೆ, ಅವಳು ಆ ಮನೆಯಲ್ಲೇ ಇರಬೇಕು. ಅವಳು ಮಾತ್ರ ಆರಾಮಾಗಿದ್ದಳು. ದುಪಟ್ಟಾ ಮತ್ತೆ ಹಾಕಿಕೊಳ್ಳುತ್ತಾ, "ನಮ್ಮಣ್ಣ ಕೆಟ್ಟೋನಲ್ಲ ಮೇಡಂ. ಅವನಿಗೂ ಯಾರೂ ಕೇಳಿಲ್ಲ, ಅದಕ್ಕೇ" ಅಂದಳು. ಆಮೇಲೆ ಗೊತ್ತಾಯಿತು, ಕಾರ್ಡು ಅಷ್ಟೇ ಅಲ್ಲ. ಸ್ಕಾಲರ್‌ಶಿಪ್ ಖಾತೆ ತೆರೆಯುವಾಗ ಅವಳ ಹತ್ತಿರ ಫೋನು ಇರಲಿಲ್ಲ, ಅಣ್ಣನ ನಂಬರ್ ಕೊಟ್ಟಿದ್ದರು. ದುಡ್ಡು ಬಂದರೂ, ಹೋದರೂ ಮೆಸೇಜು ಅವನಿಗೆ. ಹತ್ತು ವರ್ಷ ತುಂಬಿದ ಮಗುವಿಗೇ ತನ್ನ ಖಾತೆ ತಾನೇ ನಡೆಸಲು ಬಿಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಇವಳಿಗೆ ಹದಿನೆಂಟು ದಾಟಿತ್ತು.

ಯಾವ ನಷ್ಟ ಮೇಡಂ?

ಜುಲೈಯಲ್ಲಿ ಒಂದು ಸೋಮವಾರ, ಬ್ಯಾಂಕಿನಲ್ಲಿ ಕಾಲಿಡಲು ಜಾಗ ಇಲ್ಲದ ದಿನ, ಅವಳು ಬಂದಳು. ಜೊತೆಗೆ ಅವಳಮ್ಮ. ಅವರ ಖಾತೆ ನಮ್ಮ ಶಾಖೆಯಲ್ಲೇ ಇರುವುದು. ಕಾರ್ಡು ಸಿಕ್ಕಿತಾ ಅಂತ ಕಣ್ಣಲ್ಲೇ ಕೇಳಿದೆ. ಇಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು. "ಮೊದಲು ನಂಬರ್ ಬದಲಾಯಿಸ್ತೀನಿ. ನಂದೂ, ಅಮ್ಮಂದೂ" ಅಂದಳು. ಅಣ್ಣನಿಗೆ ಗೊತ್ತಾ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವಳಮ್ಮ ಬಾಗಿಲ ಕಡೆ ಎರಡು ಸಲ ನೋಡಿದರು.

ಮೊಬೈಲ್ ನಂಬರ್ ಬದಲಾವಣೆಯ ಫಾರಂ ಎರಡು ತೆಗೆದೆ. ಕೈಯಲ್ಲಿ ಪೆನ್ಸಿಲ್ ಇತ್ತು, ಗುರುತೂ ಹಾಕಿಬಿಟ್ಟಿದ್ದೆ. ಹತ್ತೊಂಬತ್ತು ವರ್ಷದ ಅಭ್ಯಾಸ ನೋಡಿ. ಅವಳು ಫಾರಂ ತೆಗೆದುಕೊಂಡು ಕೌಂಟರಿನ ಪಕ್ಕಕ್ಕೆ ಸರಿದು ಮೇಲಿನಿಂದ ಓದತೊಡಗಿದಳು. ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತಾ. ಒಂದೊಂದು ಸಾಲು ಓದಿದ ಮೇಲೆ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದಳು. ಹಿಂದಿನವರು, "ಏನಮ್ಮಾ, ಪರೀಕ್ಷೆಗೆ ಓದ್ತಿದೀಯಾ?" ಅಂದರು. ಅವಳು ಹಾಳೆ ತಿರುಗಿಸಿದಳು. ಹಿಂದೆಯೂ ಅಚ್ಚು ಇತ್ತು.

"ಮೇಡಂ, ಈ ಬದಲಾವಣೆಯಿಂದ ಆಗುವ ಯಾವುದೇ ನಷ್ಟಕ್ಕೆ ಬ್ಯಾಂಕು ಹೊಣೆ ಅಲ್ಲ ಅಂತ ಇದೆ. ಯಾವ ನಷ್ಟ?"

ಆ ಫಾರಂ ನಾನು ಎಷ್ಟು ಜನಕ್ಕೆ ಕೊಟ್ಟಿದ್ದೇನೋ. ಆ ಸಾಲು ಇದೆ ಅಂತ ಗೊತ್ತಿತ್ತು, ಓದಿರಲಿಲ್ಲ. ಒಂದು ನಿಮಿಷ ಅಂತ ಹೇಳಿ ಎದ್ದು ಮ್ಯಾನೇಜರ್ ಕೋಣೆಗೆ ಹೋದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಅದು ಎಲ್ಲಾ ಫಾರಂನಲ್ಲೂ ಹಂಗೇ ಇರುತ್ತೆ. ಸೈನ್ ಮಾಡಿಸ್ಕೊಳ್ಳಿ" ಅಂದರು. "ಅವಳು ಯಾವ ನಷ್ಟ ಅಂತ ಕೇಳ್ತಿದಾಳೆ ಸರ್" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಗಾಜಿನ ಬಾಗಿಲ ಆಚೆ ಅವಳು ಪೆನ್ನಿನ ಮುಚ್ಚಳ ಹಾಕಿ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕಾಯುತ್ತಾ ನಿಂತಿದ್ದಳು.